ಯುರೋಪಿನ ಜುಟ್ಟು ರಷ್ಯಾ ಕೈಗೆ ಸಿಕ್ಕಿದ್ದು ಹೇಗೆ?

ತುಂಗಾತೀರ
ಒಂದು ವಿಷಯ ಬಹಳ ದಿನದಿಂದ ತಲೆ ತಿನ್ನುತ್ತಿದೆ, ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಅವತ್ತಿನಿಂದ ಯುರೋಪಿನ ನಾಯಕರು ರಷ್ಯಾವನ್ನು ಬೈಯದ ದಿನವಿಲ್ಲ. ಉಕ್ರೇನಿಗೆ ದುಡ್ಡು, ಟ್ಯಾಂಕು, ಕ್ಷಿಪಣಿ ಎಲ್ಲ ಕೊಟ್ಟರು, ಸರಿ. ಆದರೆ ಮೊನ್ನೆ ಫಿನ್ಲೆಂಡಿನ ಒಂದು ಸಂಶೋಧನಾ ಸಂಸ್ಥೆಯ ಲೆಕ್ಕ ಕಣ್ಣಿಗೆ ಬಿತ್ತು. ಯುದ್ಧದ ಮೂರನೇ ವರ್ಷದಲ್ಲಿ ಯುರೋಪಿಯನ್ ಒಕ್ಕೂಟದ ದೇಶಗಳು ರಷ್ಯಾದ ತೈಲ, ಗ್ಯಾಸಿಗೆ ಕೊಟ್ಟಿದ್ದು 2190 ಕೋಟಿ ಯುರೋ. ಉಕ್ರೇನಿಗೆ 2024ರಲ್ಲಿ ಕೊಟ್ಟ ಹಣಕಾಸು ನೆರವು 1870 ಕೋಟಿ ಯುರೋ.

ಅಂದರೆ ಒಂದು ಕೈಯಲ್ಲಿ ಗಾಯಕ್ಕೆ ಮುಲಾಮು, ಇನ್ನೊಂದು ಕೈಯಲ್ಲಿ ಹೊಡೆಯುವವನ ದೊಣ್ಣೆಗೆ ದುಡ್ಡು, ಅಲ್ವಾ? ಇಷ್ಟು ಶ್ರೀಮಂತ ದೇಶಗಳು, ಇಷ್ಟು ಓದಿದವರು, ಒಬ್ಬನ ಕೈಗೆ ಜುಟ್ಟು ಕೊಟ್ಟು ಕೂತಿದ್ದು ಹೇಗೆ? ಸುಮ್ನೆ ಬೈಯುವುದಕ್ಕೆ ಕೇಳುತ್ತಿಲ್ಲ, ನಿಜವಾಗಿ ಅರ್ಥ ಆಗುತ್ತಿಲ್ಲ.

ಬೆಣ್ಣೆದೋಸೆ
ಬೂಟಾಟಿಕೆ. ಒಂದೇ ಪದದ ಉತ್ತರ. ಥ್ರೆಡ್ ಮುಚ್ಚಬಹುದು.

ಹಳೇ ಎಂಜಿನಿಯರ್
ಅಷ್ಟು ಬೇಗ ಮುಚ್ಚಬೇಡಿ ದೋಸೆಯವರೇ, ಕಾವಲಿ ಇನ್ನೂ ಕಾದೇ ಇಲ್ಲ.

ಇದು ಪುಟಿನ್ ಕಾಲದಲ್ಲಿ ಶುರುವಾದ ಕಥೆ ಅಲ್ಲ. ಪಶ್ಚಿಮ ಯುರೋಪಿನಲ್ಲಿ ಮೊದಲು ಸೋವಿಯತ್ ಗ್ಯಾಸಿಗೆ ಸಹಿ ಹಾಕಿದ್ದು ಆಸ್ಟ್ರಿಯಾ, 1968ರಲ್ಲಿ. 1970ರಲ್ಲಿ ಪಶ್ಚಿಮ ಜರ್ಮನಿ ಬಂತು. ಆ ಒಪ್ಪಂದ ನೋಡಿದರೆ ಹಳ್ಳಿ ಕಡೆ ರಾಗಿ ಅಳೆದು ಕೊಟ್ಟು ಉಪ್ಪು ತರುತ್ತಿದ್ದರಲ್ಲ, ಹಾಗೇ ಇದೆ. ಜರ್ಮನಿಯ ಮಾನೆಸ್ಮಾನ್ ಕಂಪನಿ ದಪ್ಪ ಉಕ್ಕಿನ ಪೈಪು ಕೊಡುವುದು, ಜರ್ಮನ್ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದು, ಸೋವಿಯತ್ತಿನವರು ಆ ಸಾಲವನ್ನು ಗ್ಯಾಸಿನಲ್ಲೇ ತೀರಿಸುವುದು. ಇಬ್ಬರಿಗೂ ಲಾಭ. 1973ಕ್ಕೆ ಗ್ಯಾಸ್ ಹರಿಯಿತು. ಅದೇ ವರ್ಷ ಅರಬ್ ದೇಶಗಳು ತೈಲ ಬಂದ್ ಮಾಡಿದವು. ಆಗ ಜರ್ಮನ್ನರಿಗೆ ನಂಬಿಕಸ್ಥರಾಗಿ ಕಂಡವರು ಮಾಸ್ಕೋದವರು!

ಆಮೇಲೆ 80ರ ದಶಕದಲ್ಲಿ ಸೈಬೀರಿಯಾದ ಉರೆಂಗೋಯ್‌ನಿಂದ ಉಕ್ರೇನ್ ಗಡಿಯ ಉಜ್ಗೊರೊಡ್‌ವರೆಗೆ ದೊಡ್ಡ ಪೈಪ್‌ಲೈನ್ ಬಂತು. ಅಮೆರಿಕದ ರೇಗನ್ ಬೇಡ ಬೇಡ ಎಂದು ಕೂಗಾಡಿದರು, 1982ರಲ್ಲಿ ಯುರೋಪಿನ ಕಂಪನಿಗಳ ಮೇಲೂ ನಿರ್ಬಂಧ ಹಾಕಿದರು. ರೇಗನ್‌ಗೆ ಅಷ್ಟು ಬೇಕಾದವರಾಗಿದ್ದ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಕೂಡ ತಿರುಗಿ ಬಿದ್ದರು, ಯಾಕೆಂದರೆ ಸ್ಕಾಟ್ಲೆಂಡಿನ ಕಾರ್ಖಾನೆಗೆ ಆ ಪೈಪ್‌ಲೈನಿನ ಟರ್ಬೈನ್ ಆರ್ಡರ್ ಸಿಕ್ಕಿತ್ತು. ಅದೇ ನವೆಂಬರ್‌ನಲ್ಲಿ ರೇಗನ್ನೇ ನಿರ್ಬಂಧ ವಾಪಸ್ ತೆಗೆದುಕೊಂಡರು.

ಹಾಗಾಗಿ 2022ರ ಹೊತ್ತಿಗೆ ಜರ್ಮನ್ನರ ತಲೆಯಲ್ಲಿ ಐವತ್ತು ವರ್ಷದ ಅನುಭವ ಕೂತಿತ್ತು. ಎದುರುಬದುರು ಕ್ಷಿಪಣಿ ಇಟ್ಟುಕೊಂಡಾಗಲೂ ಗ್ಯಾಸ್ ನಿಲ್ಲಿಸದವರು ಈಗ ಯಾಕೆ ನಿಲ್ಲಿಸುತ್ತಾರೆ ಎಂದು.

ಇನ್ನೊಂದು ಮಾತು. ಪೈಪ್‌ಲೈನ್ ಅಂದರೆ ಮದುವೆ, ಹಡಗು ಅಂದರೆ ಸಂತೆ. ಸಂತೆಯಲ್ಲಿ ಈ ಅಂಗಡಿ ಸರಿ ಇಲ್ಲ ಅಂದರೆ ಪಕ್ಕದ ಅಂಗಡಿ. ಪೈಪು ಹಾಕಿಸಿಕೊಂಡ ಮೇಲೆ ಕೊಡುವವನೂ ಅವನೇ, ಕೊಳ್ಳುವವನೂ ಇವನೇ.

ಬೆಣ್ಣೆದೋಸೆ
ಸರ್, ಮದುವೆಯಾದ ಮೇಲೆ ಗಂಡ ಪಕ್ಕದ ಮನೆಗೆ ಬೆಂಕಿ ಇಟ್ಟರೆ ಬಿಟ್ಟು ಬರಬೇಕಲ್ವಾ? ನಾಲ್ಕು ವರ್ಷ ಯೋಚನೆ ಮಾಡುತ್ತಾ ಕೂರುತ್ತಾರಾ?

ಲೈಪ್‌ಜಿಗ್ ಲಕ್ಷ್ಮಿ
ನಾನು ಇಲ್ಲಿಗೆ ಬಂದಿದ್ದು 2019ರಲ್ಲಿ. ಬಿಟ್ಟು ಬರುವುದು ಅಂದರೆ ಏನು ಅಂತ ಹೇಳುತ್ತೇನೆ ಕೇಳಿ.

ಜರ್ಮನಿಯಲ್ಲಿ ಸುಮಾರು ಅರ್ಧದಷ್ಟು ಮನೆ ಬೆಚ್ಚಗಾಗುವುದು ಗ್ಯಾಸಿನಲ್ಲಿ. ಅಡುಗೆ ಅಲ್ಲ, ಅಡುಗೆ ಹೆಚ್ಚಾಗಿ ಕರೆಂಟ್ ಒಲೆಯಲ್ಲೇ. ಗೋಡೆಗೆ ಒಂದು ಗ್ಯಾಸ್ ಬಾಯ್ಲರ್ ನೇತು ಹಾಕಿರುತ್ತಾರೆ, ಅದು ನೀರು ಕಾಯಿಸಿ ಪ್ರತಿ ರೂಮಿನ ರೇಡಿಯೇಟರ್‌ಗೆ ಕಳಿಸುತ್ತದೆ. ಹೊರಗೆ ಮೈನಸ್ ಎಂಟು ಇದ್ದಾಗ ಅದು ನಿಂತರೆ ಸ್ವೆಟರ್ ಹಾಕಿಕೊಂಡು ಸುಧಾರಿಸಲು ಆಗುವುದಿಲ್ಲ, ನಲ್ಲಿಯ ಪೈಪೇ ಹೆಪ್ಪುಗಟ್ಟಿ ಒಡೆಯುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ನಮಗೆ ಗ್ಯಾಸ್ ಕೊಡುವ ಕಂಪನಿಯಿಂದ ಕಾಗದ ಬಂತು. ಇಲ್ಲಿ ತಿಂಗಳಿಗೆ ಇಷ್ಟು ಅಂತ ಮುಂಗಡ ಕಟ್ಟುತ್ತೇವೆ, ವರ್ಷದ ಕೊನೆಗೆ ಮೀಟರ್ ನೋಡಿ ಲೆಕ್ಕ. ನಮ್ಮದು 88 ಯುರೋ ಇತ್ತು. ಕಾಗದದಲ್ಲಿ 236 ಅಂತ ಇತ್ತು. ನಾನು ಮೊದಲು ಪಕ್ಕದ ಮನೆಯವರ ಕಾಗದ ನಮ್ಮ ಡಬ್ಬಕ್ಕೆ ಬಿದ್ದಿದೆ ಅಂದುಕೊಂಡೆ. ಅಂಗಡಿಗಳಲ್ಲಿ ಕರೆಂಟ್ ಹೀಟರ್ ಖಾಲಿ. ಸೌದೆ ಖಾಲಿ. ಸರ್ಕಾರಿ ಕಚೇರಿಗಳಲ್ಲಿ 19 ಡಿಗ್ರಿಗಿಂತ ಜಾಸ್ತಿ ಇಡಬಾರದು ಅಂತ ಆದೇಶ. ಕೈ ತೊಳೆಯುವ ನಲ್ಲಿಯಲ್ಲಿ ಬಿಸಿನೀರು ಬಂದ್. ನಮ್ಮ ಆಫೀಸಿನಲ್ಲೂ ಅದನ್ನೇ ಮಾಡಿದರು, ಒಬ್ಬರು ಕಂಬಳಿ ಹೊದ್ದು ಮೀಟಿಂಗಿಗೆ ಬರುತ್ತಿದ್ದರು.

ಅಮ್ಮ ಶಿವಮೊಗ್ಗದಿಂದ ಫೋನ್ ಮಾಡಿ "ಸೌದೆ ಒಲೆ ಸಿಗಲ್ವೇನೇ ಅಲ್ಲಿ?" ಅಂತ ಕೇಳಿದ್ದರು. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ!

ಕಡಲತಡಿ
ಮಾರಾಯ್ರೆ, ಪಾಪ ಎನಿಸುತ್ತದೆ. ಆದರೆ ಆ 236 ಅನ್ನು ನೀವು ಪೂರ್ತಿ ಕಟ್ಟಿದಿರಾ?

ಲೈಪ್‌ಜಿಗ್ ಲಕ್ಷ್ಮಿ
ಇಲ್ಲ. ಅದನ್ನೂ ಹೇಳಬೇಕು. ಡಿಸೆಂಬರ್ ತಿಂಗಳ ಮುಂಗಡವನ್ನು ಸರ್ಕಾರವೇ ಕಟ್ಟಿತು. 2023ರಲ್ಲಿ ನಮ್ಮ ಬಳಕೆಯ 80% ಭಾಗಕ್ಕೆ ಯೂನಿಟ್‌ಗೆ 12 ಸೆಂಟ್ ಮೀರದಂತೆ ಮಿತಿ ಹಾಕಿದರು. ಒಟ್ಟು 20 ಸಾವಿರ ಕೋಟಿ ಯುರೋದ ಪ್ಯಾಕೇಜ್ ಅಂತ ಘೋಷಿಸಿದ್ದರು. ಆ ಚಳಿಗಾಲವೂ ಅಷ್ಟು ಕೆಟ್ಟದಾಗಿರಲಿಲ್ಲ, ಹೊಸ ವರ್ಷದ ದಿನ ಜನ ಟೀ ಶರ್ಟಿನಲ್ಲಿ ಓಡಾಡುತ್ತಿದ್ದರು. ದುಡ್ಡಿರುವ ದೇಶ, ದುಡ್ಡು ಕೊಟ್ಟು ಬಚಾವಾಯಿತು. ಅದನ್ನು ಅಲ್ಲಗಳೆಯುವುದಿಲ್ಲ.

ತುಂಗಾತೀರ
ಲಕ್ಷ್ಮಿ ಮೇಡಂ, ಥ್ಯಾಂಕ್ಸ್. ಆದರೆ ನನ್ನದೊಂದು ಸಂಶಯ. ಆಗ ಗ್ಯಾಸ್ ನಿಲ್ಲಿಸಿದ್ದು ಯುರೋಪೋ ರಷ್ಯಾನೋ? ಯುರೋಪ್ ನಿರ್ಬಂಧ ಹಾಕಿ ನಿಲ್ಲಿಸಿತು ಅಂತಲೇ ನಾನು ಅಂದುಕೊಂಡಿದ್ದೆ.

ಹಳೇ ಎಂಜಿನಿಯರ್
ಇಲ್ಲೇ ಎಲ್ಲರೂ ಎಡವುವುದು. ಕಲ್ಲಿದ್ದಲು ನಿಲ್ಲಿಸಿದ್ದು ಯುರೋಪ್, 2022ರ ಆಗಸ್ಟ್‌ನಲ್ಲಿ. ಹಡಗಿನಲ್ಲಿ ಬರುವ ಕಚ್ಚಾ ತೈಲ ನಿಲ್ಲಿಸಿದ್ದು ಯುರೋಪ್, ಡಿಸೆಂಬರ್ 5ಕ್ಕೆ. ಡೀಸೆಲ್ ಮುಂತಾದವು 2023ರ ಫೆಬ್ರವರಿ 5ಕ್ಕೆ. ಆದರೆ ಪೈಪಿನ ಗ್ಯಾಸ್ ಮೇಲೆ ಯುರೋಪ್ ಆಗ ನಿರ್ಬಂಧ ಹಾಕಲೇ ಇಲ್ಲ. ಧೈರ್ಯ ಸಾಲಲಿಲ್ಲ. 2021ರಲ್ಲಿ ಹೊರಗಿಂದ ತರಿಸುವ ಗ್ಯಾಸಿನಲ್ಲಿ 45% ರಷ್ಯಾದ್ದೇ ಇತ್ತು, ಜರ್ಮನಿಗೆ 55%.

ನಲ್ಲಿ ತಿರುಗಿಸಿದವರು ರಷ್ಯಾದವರೇ. ಮಾರ್ಚ್‌ನಲ್ಲಿ ಪುಟಿನ್, ಇನ್ನು ಮೇಲೆ ದುಡ್ಡು ರೂಬಲ್‌ನಲ್ಲಿ ಕೊಡಿ ಅಂದರು. ಪೋಲೆಂಡ್, ಬಲ್ಗೇರಿಯಾ ಆಗಲ್ಲ ಅಂದವು, ಏಪ್ರಿಲ್ 27ಕ್ಕೆ ಗ್ಯಾಸ್ ಬಂದ್. ಮೇ ತಿಂಗಳಲ್ಲಿ ಫಿನ್ಲೆಂಡ್. ಆಮೇಲೆ ರಷ್ಯಾದಿಂದ ಬಾಲ್ಟಿಕ್ ಸಮುದ್ರದ ಕೆಳಗೆ ಜರ್ಮನಿಗೆ ಬರುವ ನಾರ್ಡ್ ಸ್ಟ್ರೀಮ್ ಪೈಪ್‌ಲೈನ್. ಜೂನ್‌ನಲ್ಲಿ 40 ಪರ್ಸೆಂಟಿಗೆ ಇಳಿಸಿದರು. ಕೇಳಿದರೆ ಗ್ಯಾಸ್ ತಳ್ಳುವ ಟರ್ಬೈನ್ ರಿಪೇರಿಗೆ ಕೆನಡಾಕ್ಕೆ ಹೋಗಿದೆ, ಬಂದಿಲ್ಲ ಎಂದರು. ಜುಲೈನಲ್ಲಿ 20 ಪರ್ಸೆಂಟ್. ಟರ್ಬೈನ್ ಜರ್ಮನಿಗೆ ಬಂದು ಕೂತಿತ್ತು, ಆಗಿನ ಚಾನ್ಸಲರ್ ಶೋಲ್ಸ್ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ತಗೊಂಡು ಹೋಗಿ ಸ್ವಾಮಿ ಅಂದರು. ರಷ್ಯಾದವರಿಗೆ ಕಾಗದಪತ್ರ ಸರಿ ಇಲ್ಲವಂತೆ! ಆಗಸ್ಟ್ ಕೊನೆಗೆ ಪೂರ್ತಿ ನಿಲ್ಲಿಸಿದರು. ಆ ದಿನಗಳಲ್ಲೇ ಫಿನ್ಲೆಂಡ್ ಗಡಿ ಹತ್ತಿರದ ಪೋರ್ಟೊವಾಯಾದಲ್ಲಿ ಗ್ಯಾಸನ್ನು ಸುಮ್ನೆ ಸುಡುತ್ತಿದ್ದರು, ಗಡಿ ಆಚೆಗೂ ಬೆಂಕಿ ಕಾಣುತ್ತಿತ್ತು.

ಆ ಆಗಸ್ಟ್‌ನಲ್ಲಿ ಯುರೋಪಿನ ಗ್ಯಾಸ್ ದರ ಮೆಗಾವಾಟ್ ಅವರ್‌ಗೆ 300 ಯುರೋ ದಾಟಿತು. ಹಿಂದೆಲ್ಲ 20ರ ಆಸುಪಾಸು ಇರುತ್ತಿದ್ದದ್ದು.

ಗಾಳಿಪಟ
ಅದೆಲ್ಲ ಇರಲಿ, ನಾರ್ಡ್ ಸ್ಟ್ರೀಮ್ ಪೈಪ್ ಸ್ಫೋಟ ಮಾಡಿಸಿದ್ದು ಯಾರು ಅಂತ ಯಾರೂ ಬಾಯಿ ಬಿಡುತ್ತಿಲ್ಲವಲ್ಲ? ನನಗೆ ಗೊತ್ತು, ಆದರೆ ಹೇಳಿದರೆ ಕಾಮೆಂಟ್ ಡಿಲೀಟ್ ಮಾಡುತ್ತೀರಿ.

ಬೆಣ್ಣೆದೋಸೆ
ಗಾಳಿಪಟ ಹಾರಿತು.

ಹಳೇ ಎಂಜಿನಿಯರ್
2022ರ ಸೆಪ್ಟೆಂಬರ್ 26ಕ್ಕೆ ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದ ಹತ್ತಿರ ಸ್ಫೋಟ ಆಯಿತು, ನಾಲ್ಕು ಪೈಪಿನಲ್ಲಿ ಮೂರು ಹೋದವು. ಜರ್ಮನಿಯ ತನಿಖೆ ಉಕ್ರೇನಿನ ಕೆಲವರ ಕಡೆ ಬೆರಳು ತೋರಿಸುತ್ತಿದೆ. 2025ರಲ್ಲಿ ಒಬ್ಬನನ್ನು ಇಟಲಿಯಲ್ಲಿ ಹಿಡಿದರು, ಇನ್ನೊಬ್ಬನನ್ನು ಜರ್ಮನಿಗೆ ಒಪ್ಪಿಸುವುದಿಲ್ಲ ಎಂದು ಪೋಲೆಂಡಿನ ಕೋರ್ಟ್ ಹೇಳಿತು. ಅದಕ್ಕಿಂತ ಜಾಸ್ತಿ ಹೇಳಿದರೆ ಅದು ಪತ್ತೇದಾರಿ ಕಾದಂಬರಿ. ಆದರೆ ಗಮನಿಸಿ, ಸ್ಫೋಟ ಆದ ದಿನ ಆ ಪೈಪಿನಲ್ಲಿ ಗ್ರಾಹಕರಿಗೆ ಗ್ಯಾಸ್ ಹೋಗುತ್ತಿರಲಿಲ್ಲ. ಎರಡನೇ ನಾರ್ಡ್ ಸ್ಟ್ರೀಮ್ ಅಂತೂ ಒಂದು ದಿನವೂ ಓಡಲಿಲ್ಲ. ಯುದ್ಧಕ್ಕೆ ಎರಡು ದಿನ ಮೊದಲೇ ಶೋಲ್ಸ್ ಅದರ ಅನುಮತಿ ತಡೆದಿದ್ದರು.

ಗಾಳಿಪಟ
ಅದನ್ನೇ ನಾನೂ ಹೇಳಿದ್ದು.

ಬೆಣ್ಣೆದೋಸೆ
ನೀವು ಏನೂ ಹೇಳಲೇ ಇಲ್ಲ.

ಡೆಲ್ಫ್ಟ್ ದೀಪು
ನೆದರ್ಲೆಂಡ್ಸ್‌ನಿಂದ ಎರಡು ಮಾತು. ಯುರೋಪಿಗೆ ತನ್ನದೇ ಗ್ಯಾಸ್ ಇರಲಿಲ್ಲ ಅಂತ ಅಲ್ಲ. ಇಲ್ಲಿ ಉತ್ತರಕ್ಕೆ ಗ್ರೊನಿಂಗೆನ್ ಅಂತ ಊರಿದೆ, 1959ರಲ್ಲಿ ಅಲ್ಲಿ ನೆಲದ ಕೆಳಗೆ ಯುರೋಪಿನ ಅತಿ ದೊಡ್ಡ ಗ್ಯಾಸ್ ನಿಕ್ಷೇಪಗಳಲ್ಲಿ ಒಂದು ಸಿಕ್ಕಿತು. ಈ ದೇಶ ಶ್ರೀಮಂತವಾಗಿದ್ದಕ್ಕೆ ಅದೂ ಒಂದು ಕಾರಣ. ಆದರೆ ಗ್ಯಾಸ್ ಹೀರಿದಂತೆ ನೆಲ ಕುಸಿಯುತ್ತಾ ಬಂತು, ಭೂಕಂಪ ಶುರುವಾಯಿತು. 2012ರಲ್ಲಿ ಹುಯ್ಜಿಂಗೆ ಎಂಬ ಹಳ್ಳಿಯಲ್ಲಿ 3.6 ತೀವ್ರತೆಯದ್ದು. ಕೇಳಲಿಕ್ಕೆ ಸಣ್ಣದು, ಆದರೆ ಮೇಲ್ಗಡೆಯೇ ಆಗುವ ಕಂಪನ, ಇಟ್ಟಿಗೆ ಮನೆಗಳು ಬಾಯಿ ಬಿಟ್ಟವು. ನನ್ನ ಸಹೋದ್ಯೋಗಿಯ ಅಪ್ಪನ ಮನೆಗೆ ಇವತ್ತಿಗೂ ಮರದ ಊರುಗೋಲು ಕೊಟ್ಟಿದ್ದಾರೆ, ಪರಿಹಾರದ ಕಡತ ಇನ್ನೂ ಓಡುತ್ತಿದೆ.

2022ರಲ್ಲಿ ಇಡೀ ಯುರೋಪ್ ಗ್ಯಾಸಿಗೆ ಬಾಯಿ ಬಾಯಿ ಬಿಡುತ್ತಿದ್ದಾಗ ಎಲ್ಲರೂ ಕೇಳಿದರು, ಗ್ರೊನಿಂಗೆನ್ ಜಾಸ್ತಿ ತೆರೆಯಿರಿ ಅಂತ. ಸರ್ಕಾರ ತೆರೆಯಲಿಲ್ಲ. 2024ರಲ್ಲಿ ಕಾನೂನು ಮಾಡಿ ಕಾಯಂ ಆಗಿ ಮುಚ್ಚಿದರು. ನನಗೆ ಇದು ಸರಿಯೋ ತಪ್ಪೋ ಇವತ್ತಿಗೂ ತೀರ್ಮಾನ ಆಗಿಲ್ಲ. ಆ ಹಳ್ಳಿಯವರ ಗೋಡೆ ನೋಡಿದರೆ ಸರಿ ಎನಿಸುತ್ತದೆ.

ಕಡಲತಡಿ
ನಾನು ತೈಲದ ಕಡೆ ಬರುತ್ತೇನೆ, ಅದು ನಮಗೆ ಹತ್ತಿರದ್ದು. ಪಣಂಬೂರು ಬೀಚಿನಲ್ಲಿ ಸಂಜೆ ನಿಂತರೆ ದೂರದಲ್ಲಿ ಟ್ಯಾಂಕರ್ ಹಡಗು ಕಾಣುತ್ತವೆ. ನಮ್ಮ ಮಂಗಳೂರಿನ ರಿಫೈನರಿಗೂ 2022ರಿಂದ ರಷ್ಯಾದ ಕಚ್ಚಾ ತೈಲ ಬಂದಿದೆ. ಯುದ್ಧಕ್ಕೆ ಮೊದಲು ಭಾರತ ತರಿಸುವ ತೈಲದಲ್ಲಿ ರಷ್ಯಾದ ಪಾಲು 2 ಪರ್ಸೆಂಟೂ ಇರಲಿಲ್ಲ. ಆಮೇಲೆ ಮೂರರಲ್ಲಿ ಒಂದು ಪಾಲು ದಾಟಿತು. ಯಾಕೆಂದರೆ ಯುರೋಪ್ ಬೇಡ ಅಂದ ಮೇಲೆ ಅವರು ರಿಯಾಯಿತಿಯಲ್ಲಿ ಮಾರಿದರು.

ಆಮೇಲಿನದು ತಮಾಷೆ. ಅದೇ ತೈಲವನ್ನು ಗುಜರಾತಿನ ರಿಫೈನರಿಗಳು ಡೀಸೆಲ್ ಮಾಡಿದವು, ಅದು ಹಡಗು ಹತ್ತಿ ಯುರೋಪಿಗೆ ಹೋಯಿತು. ರಿಫೈನರಿಯಲ್ಲಿ ಡೀಸೆಲ್ ಆದರೆ ಅದರ ಜಾತಿ ಬದಲಾಗುತ್ತದಂತೆ. ಯುರೋಪಿನವರು ನಮಗೆ ಉಪದೇಶ ಮಾಡುತ್ತಾ ನಮ್ಮಿಂದಲೇ ಡೀಸೆಲ್ ಕೊಂಡರು ಮಾರಾಯ್ರೆ! 2022ರ ಏಪ್ರಿಲ್‌ನಲ್ಲಿ ಜೈಶಂಕರ್ ವಾಷಿಂಗ್ಟನ್‌ನಲ್ಲಿ ಹೇಳಿದ್ದು ನೆನಪಿದೆಯಲ್ಲ, ನಾವು ತಿಂಗಳಿಗೆ ಕೊಳ್ಳುವುದು ಯುರೋಪ್ ಒಂದು ಮಧ್ಯಾಹ್ನಕ್ಕೆ ಕೊಳ್ಳುವುದಕ್ಕಿಂತ ಕಡಿಮೆ ಇರಬಹುದು ಅಂತ.

ಬೆಣ್ಣೆದೋಸೆ
ಇದೇ! ಇದನ್ನೇ ನಾನು ಒಂದು ಪದದಲ್ಲಿ ಹೇಳಿದ್ದು. ಅವರು ಮಾಡಿದರೆ ಅನಿವಾರ್ಯ, ನಾವು ಮಾಡಿದರೆ ಯುದ್ಧಕ್ಕೆ ಕುಮ್ಮಕ್ಕು.

ಶಾಲ್ಮಲೆ
ಒಂದು ನಿಮಿಷ ರೀ. ಜೈಶಂಕರ್ ಹೇಳಿದ್ದು ಏಪ್ರಿಲ್ 2022ರ ಮಾತು, ಆಗ ನಿಜ ಇತ್ತು. 2023ರಲ್ಲಿ ನಿಜ ಉಳಿದಿರಲಿಲ್ಲ. ಯುರೋಪಿನ ತೈಲ ಖರೀದಿ ಇಳಿಯಿತು, ನಮ್ಮದು ಏರಿತು. ಹಳೇ ಮಾತನ್ನು ಇವತ್ತಿಗೂ ಊದುತ್ತಿದ್ದರೆ ಹೆಂಗೆ? ನಾವು ಅಗ್ಗಕ್ಕೆ ಸಿಕ್ಕಿತು ಎಂದು ಕೊಂಡೆವು, ಅದನ್ನು ಹಾಗೇ ಒಪ್ಪಿಕೊಂಡರೆ ಏನೂ ಹೋಗುವುದಿಲ್ಲ. ಅದಕ್ಕೊಂದು ತತ್ವದ ಜರಿಪೇಟ ಯಾಕೆ?

ಮತ್ತೆ ಆ ರಿಯಾಯಿತಿ ನಮ್ಮ ಪೆಟ್ರೋಲ್ ಬಂಕಿಗೆ ಎಷ್ಟು ಬಂತು ಅಂತ ಯಾರಾದರೂ ಹೇಳಿ ನೋಡೋಣ. ನನ್ನ ಸ್ಕೂಟರಿಗಂತೂ ಬರಲಿಲ್ಲ.

ಕಡಲತಡಿ
ಸ್ಕೂಟರಿನ ವಿಷಯ ಒಪ್ಪಿದೆ.

ತುಂಗಾತೀರ
60 ಡಾಲರ್ ಮಿತಿ ಅಂತ ಏನೋ ಇತ್ತಲ್ಲ, ಅದು ಏನು?

ಹಳೇ ಎಂಜಿನಿಯರ್
ಯುರೋಪಿಗೂ ಅಮೆರಿಕಕ್ಕೂ ಎರಡು ಭಯ. ರಷ್ಯಾಕ್ಕೆ ದುಡ್ಡು ಹೋಗಬಾರದು, ಆದರೆ ರಷ್ಯಾದ ತೈಲ ಮಾರುಕಟ್ಟೆಯಿಂದ ಪೂರ್ತಿ ಮಾಯವಾದರೆ ದರ ಆಕಾಶಕ್ಕೆ ಹೋಗುತ್ತದೆ. ಹಾಗಾಗಿ ನಡು ದಾರಿ ಹುಡುಕಿದರು. ಬ್ಯಾರೆಲ್‌ಗೆ 60 ಡಾಲರ್‌ಗಿಂತ ಕಡಿಮೆಗೆ ಮಾರಿದರೆ ಮಾತ್ರ ನಮ್ಮ ಹಡಗು, ನಮ್ಮ ವಿಮೆ ಸಿಗುತ್ತದೆ ಅಂದರು. ಸಮುದ್ರದ ವಿಮೆ ಹೆಚ್ಚಾಗಿ ಲಂಡನ್ ಕೈಯಲ್ಲಿ ಇರುವುದರಿಂದ ಇದು ನಡೆಯುತ್ತದೆ ಅಂದುಕೊಂಡರು. ರಷ್ಯಾದವರು ಹಳೇ ಟ್ಯಾಂಕರುಗಳನ್ನು ಕೊಂಡು, ಯಾವ ಯಾವುದೋ ದೇಶದ ಬಾವುಟ ಹಾಕಿ ಬೇರೆಯೇ ಹಡಗುಪಡೆ ಕಟ್ಟಿಕೊಂಡರು. ಅದರಲ್ಲಿ ಎಷ್ಟೋ ಹಡಗನ್ನು ಮಾರಿದವರು ಯುರೋಪಿನ ಹಡಗು ಮಾಲೀಕರೇ. ಗ್ರೀಕರು ಒಳ್ಳೇ ರೇಟಿಗೆ ಗುಜರಿ ಮಾರಿದರು.

2025ರಲ್ಲಿ ಯುರೋಪಿನವರು ಮಿತಿಯನ್ನು 47.6 ಡಾಲರ್‌ಗೆ ಇಳಿಸಿದರು. ಮತ್ತೆ ಕಡಲತಡಿಯವರು ಹೇಳಿದ ಡೀಸೆಲ್ ಜಾತಿ ಬದಲಾಗುವ ದಾರಿಯನ್ನೂ 2026ರ ಜನವರಿಯಿಂದ ಮುಚ್ಚುತ್ತೇವೆ ಎಂದು ಅದೇ ನಿರ್ಬಂಧಗಳ ಕಂತಿನಲ್ಲಿ ಬರೆದರು. ಗುಜರಾತಿನ ವಾಡಿನಾರ್‌ನಲ್ಲಿರುವ ನಯಾರಾ ರಿಫೈನರಿ ಮೇಲೂ ಆಗಲೇ ನಿರ್ಬಂಧ ಬಿತ್ತು, ಅದರಲ್ಲಿ ರಷ್ಯಾದ ತೈಲ ಕಂಪನಿ ರಾಸ್ನೆಫ್ಟ್‌ಗೆ ಹೆಚ್ಚುಕಡಿಮೆ ಅರ್ಧ ಪಾಲಿದೆ.

ಮಂಡ್ಯದ ಹೈದ
ಜರ್ಮನ್ನರು ಅಣು ವಿದ್ಯುತ್ ಸ್ಥಾವರ ಮುಚ್ಚಿದರಲ್ಲ, ಅದೂ ಯುದ್ಧದ ಮಧ್ಯೆ? ಮನೆಗೆ ಬೆಂಕಿ ಬಿದ್ದಾಗ ಬಾವಿಗೆ ಮಣ್ಣು ಹಾಕಿದ ಹಾಗಾಯ್ತು. ಇದಕ್ಕೆ ಉತ್ತರ ಕೊಡಿ ನೋಡೋಣ.

ಲೈಪ್‌ಜಿಗ್ ಲಕ್ಷ್ಮಿ
2023ರ ಏಪ್ರಿಲ್ 15ಕ್ಕೆ ಕೊನೆಯ ಮೂರನ್ನು ಮುಚ್ಚಿದರು. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಇವತ್ತಿಗೂ ಇದರ ಬಗ್ಗೆ ಜಗಳ ಆಗುತ್ತದೆ. ಆದರೆ ನನ್ನ ಬಾಯ್ಲರ್ ಕರೆಂಟಿನಲ್ಲಿ ಓಡುವುದಿಲ್ಲ. ಅಣು ಸ್ಥಾವರ ಹತ್ತು ಇದ್ದರೂ ನನ್ನ ರೇಡಿಯೇಟರ್ ಬಿಸಿಯಾಗುತ್ತಿರಲಿಲ್ಲ.

ಮಂಡ್ಯದ ಹೈದ
ಕರೆಂಟ್ ಮಾಡಲು ಸುಡುವ ಗ್ಯಾಸ್ ಉಳಿಯುತ್ತಿತ್ತಲ್ಲ ಅಕ್ಕಾ. ಅದು ನಿಮ್ಮ ಬಾಯ್ಲರಿಗೆ ಬರುತ್ತಿತ್ತು.

ಲೈಪ್‌ಜಿಗ್ ಲಕ್ಷ್ಮಿ
ಸ್ವಲ್ಪ ಉಳಿಯುತ್ತಿತ್ತು, ಒಪ್ಪುತ್ತೇನೆ.

ಡೆಲ್ಫ್ಟ್ ದೀಪು
ಅಣು ಅಂದರೆ ರಷ್ಯಾದಿಂದ ಬಿಡುಗಡೆ ಅಂತಲೂ ಅಲ್ಲ. ಹಂಗೇರಿ, ಸ್ಲೊವಾಕಿಯಾ, ಚೆಕ್, ಬಲ್ಗೇರಿಯಾ, ಫಿನ್ಲೆಂಡಿನಲ್ಲಿ ಸೋವಿಯತ್ ವಿನ್ಯಾಸದ ರಿಯಾಕ್ಟರುಗಳಿವೆ. ಅದರ ಇಂಧನದ ಕಂತೆ ಬಹಳ ವರ್ಷ ರಷ್ಯಾದಿಂದಲೇ ಬರಬೇಕಿತ್ತು, ಈಗ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಅದೇ ಅಳತೆಯದ್ದು ಮಾಡಲು ಶುರು ಮಾಡಿದೆ. ಹಂಗೇರಿ ಪಾಕ್ಶ್‌ನಲ್ಲಿ ಹೊಸ ಸ್ಥಾವರವನ್ನೂ ರಷ್ಯಾದ ರೊಸಾಟೊಮ್‌ಗೇ ಕೊಟ್ಟಿದೆ. ಬೀಗ ಯಾರದ್ದೋ ಬೀಗದ ಕೈಯೂ ಅವರದ್ದೇ.

ಅನಿಲವಾಹಿನಿ
ನಾನು ಗ್ಯಾಸ್ ವ್ಯವಹಾರದಲ್ಲೇ ಕೆಲಸ ಮಾಡುವವನು, ಬೆಂಗಳೂರು. ಇಡೀ ಚರ್ಚೆಯಲ್ಲಿ ಒಂದು ವಿಷಯ ಯಾರೂ ಎತ್ತಲಿಲ್ಲ. ಲಕ್ಷ್ಮಿಯವರು "ದುಡ್ಡು ಕೊಟ್ಟು ಬಚಾವಾಯಿತು" ಅಂದರಲ್ಲ, ಆ ದುಡ್ಡು ಏನು ಮಾಡಿತು ಅಂತ.

ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿದರೆ ದ್ರವವಾಗುತ್ತದೆ, ಹಡಗಿನಲ್ಲಿ ತುಂಬಬಹುದು. ಅದೇ ಎಲ್‌ಎನ್‌ಜಿ. 2022ರಲ್ಲಿ ಪ್ರಪಂಚದಲ್ಲಿ ಇದ್ದದ್ದು ಇಷ್ಟೇ ಎಲ್‌ಎನ್‌ಜಿ, ರಾತ್ರೋರಾತ್ರಿ ಹೊಸದು ಹುಟ್ಟಲಿಲ್ಲ. ಜರ್ಮನಿಯಲ್ಲಿ ಹಡಗು ಇಳಿಸುವ ಟರ್ಮಿನಲ್ ಒಂದೂ ಇರಲಿಲ್ಲ, ಯುದ್ಧ ಶುರುವಾಗಿ ಹತ್ತು ತಿಂಗಳಲ್ಲಿ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಕಟ್ಟಿ ನಿಲ್ಲಿಸಿದರು, ಅದು ಮೆಚ್ಚುವ ಮಾತೇ. ಆದರೆ ಆ ಹಡಗುಗಳು ಎಲ್ಲಿಂದ ಬಂದವು? ನಮ್ಮ ಕಡೆ ಬರಬೇಕಾದವು ತಿರುಗಿ ಹೋದವು. ಯುರೋಪ್ ಕೇಳಿದಷ್ಟು ಕೊಡುತ್ತೇನೆ ಅಂದ ಮೇಲೆ ವ್ಯಾಪಾರಿ ಕರಾಚಿಗೆ ಯಾಕೆ ಹೋಗುತ್ತಾನೆ? ಜುಲೈನಲ್ಲಿ ಪಾಕಿಸ್ತಾನ ಟೆಂಡರ್ ಕರೆದರೆ ಒಬ್ಬನೂ ಬಿಡ್ ಹಾಕಲಿಲ್ಲ. ಬಾಂಗ್ಲಾದೇಶ ಈ ರೇಟಿಗೆ ನಮಗೆ ಆಗಲ್ಲ ಎಂದು ಕೊಳ್ಳುವುದನ್ನೇ ನಿಲ್ಲಿಸಿತು, ದಿನಾ ಲೋಡ್ ಶೆಡ್ಡಿಂಗ್.

ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ಗೂ ಬಿತ್ತು ಏಟು. ಗೇಲ್ 2012ರಲ್ಲೇ ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗ್ಯಾಜ್‌ಪ್ರಾಮ್‌ನ ಸಿಂಗಾಪುರ ಕಂಪನಿ ಜೊತೆ 20 ವರ್ಷದ ಒಪ್ಪಂದ ಮಾಡಿಕೊಂಡಿತ್ತು, ವರ್ಷಕ್ಕೆ 25 ಲಕ್ಷ ಟನ್. ಆ ಸಿಂಗಾಪುರ ಕಂಪನಿ ಗ್ಯಾಜ್‌ಪ್ರಾಮ್‌ನ ಜರ್ಮನ್ ಶಾಖೆಯ ಕೈಕೆಳಗೆ ಇತ್ತು. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಆ ಶಾಖೆಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ರಷ್ಯಾ ಸಿಟ್ಟಿಗೆ ಅದರ ಮೇಲೆ ನಿರ್ಬಂಧ ಹಾಕಿತು. ಮಧ್ಯೆ ಗೇಲ್‌ಗೆ ಬರಬೇಕಾದ ಹಡಗುಗಳು ನಿಂತೇ ಹೋದವು. ಗೇಲ್ ಇಲ್ಲಿ ಗೊಬ್ಬರದ ಕಾರ್ಖಾನೆ, ಬೇರೆ ಉದ್ದಿಮೆಗಳಿಗೆ ಕೊಡುವುದನ್ನು ಕಡಿತ ಮಾಡಬೇಕಾಯಿತು. ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಗಿ 180 ಕೋಟಿ ಡಾಲರ್ ಕೇಳಿತು. 2025ರ ಜನವರಿಯಲ್ಲಿ 28.5 ಕೋಟಿ ಡಾಲರ್‌ಗೆ ರಾಜಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಬಡವಾದದ್ದು ಪಕ್ಕದ ಬೀದಿಯ ಕೂಸು.

ತುಂಗಾತೀರ
ಇದು ನನಗೆ ಗೊತ್ತೇ ಇರಲಿಲ್ಲ ಸರ್.

ಲೈಪ್‌ಜಿಗ್ ಲಕ್ಷ್ಮಿ
ನನಗೂ. ಟಿವಿಯಲ್ಲಿ ಗ್ಯಾಸ್ ಸಂಗ್ರಹಾಗಾರ ಇಷ್ಟು ಪರ್ಸೆಂಟ್ ತುಂಬಿತು ಅಂತ ದಿನಾ ತೋರಿಸುತ್ತಿದ್ದರು, ಕ್ರಿಕೆಟ್ ಸ್ಕೋರ್ ಥರ. 90 ದಾಟಿದ ದಿನ ನಾವೆಲ್ಲ ಖುಷಿಪಟ್ಟಿದ್ದೆವು. ಢಾಕಾದಲ್ಲಿ ಅದೇ ದಿನ ಕರೆಂಟ್ ಹೋಗಿತ್ತೋ ಏನೋ.

ಬೆಣ್ಣೆದೋಸೆ
ಈಗ ಯಾರಾದರೂ ನನ್ನ ಒಂದು ಪದದ ಉತ್ತರಕ್ಕೆ ಲೈಕ್ ಒತ್ತಿ.

ಹಳೇ ಎಂಜಿನಿಯರ್
ಒತ್ತುವುದಿಲ್ಲ. ಬೂಟಾಟಿಕೆ ಅಂದರೆ ಅಲ್ಲಿಗೆ ಯೋಚನೆ ನಿಂತುಹೋಗುತ್ತದೆ. ಸಂಗ್ರಹಾಗಾರದ ಮಾತು ಬಂತಲ್ಲ, ಅದನ್ನೇ ನೋಡಿ. ಜರ್ಮನಿಯ ಅತಿ ದೊಡ್ಡ ಗ್ಯಾಸ್ ಸಂಗ್ರಹ ರೇಡೆನ್ ಎಂಬಲ್ಲಿದೆ. ಅದು ಗ್ಯಾಜ್‌ಪ್ರಾಮ್‌ನ ಕಂಪನಿಯ ಕೈಯಲ್ಲಿತ್ತು. 2021ರಲ್ಲಿ ಅದನ್ನು ಅವರು ಚಳಿಗಾಲಕ್ಕೆ ತುಂಬಿಸಲೇ ಇಲ್ಲ, ಯುದ್ಧ ಶುರುವಾದಾಗ ಹೆಚ್ಚುಕಡಿಮೆ ಖಾಲಿ. ಕಣಜ ಮಾರಿದ್ದು ಜರ್ಮನ್ನರೇ, ಕೊಂಡವನು ಭತ್ತ ತುಂಬಲಿಲ್ಲ. ಮಾಜಿ ಚಾನ್ಸಲರ್ ಶ್ರೋಡರ್ ಅಂತೂ ಅಧಿಕಾರ ಬಿಟ್ಟ ಮೇಲೆ ನಾರ್ಡ್ ಸ್ಟ್ರೀಮ್ ಕಂಪನಿಯಲ್ಲೇ ಕುರ್ಚಿ ಹಿಡಿದರು. 2009ರ ಜನವರಿಯಲ್ಲಿ ರಷ್ಯಾ ಉಕ್ರೇನ್ ಮೂಲಕದ ಗ್ಯಾಸ್ ಎರಡು ವಾರದ ಹತ್ತಿರ ನಿಲ್ಲಿಸಿದಾಗ ಬಲ್ಗೇರಿಯಾದ ಜನ ನಡುಗಿದ್ದರು. 2014ರಲ್ಲಿ ಉಕ್ರೇನಿನ ಕ್ರೈಮಿಯಾ ರಷ್ಯಾ ಪಾಲಾಯಿತು. ಅದಾದ ಮರುವರ್ಷ ಎರಡನೇ ನಾರ್ಡ್ ಸ್ಟ್ರೀಮ್‌ಗೆ ಒಪ್ಪಂದ! ಇದನ್ನು ಬೂಟಾಟಿಕೆ ಅನ್ನಲ್ಲ ನಾನು, ಅಗ್ಗದ ಗ್ಯಾಸಿನ ಚಟ ಅನ್ನುತ್ತೇನೆ. ಲಿಥುವೇನಿಯಾ ಅಂಥ ಪುಟ್ಟ ದೇಶ 2014ರಲ್ಲೇ ಎಲ್‌ಎನ್‌ಜಿ ಹಡಗು ತಂದು ಕ್ಲೈಪೆಡಾ ಬಂದರಿನಲ್ಲಿ ಕಟ್ಟಿತು, ಅದರ ಹೆಸರೇ ಇಂಡಿಪೆಂಡೆನ್ಸ್. ದುಬಾರಿ ಅಂತ ಆಗ ಎಲ್ಲರೂ ನಕ್ಕರು. 2022ರ ಏಪ್ರಿಲ್‌ನಲ್ಲಿ ರಷ್ಯಾ ಗ್ಯಾಸ್ ಬೇಡ ಅಂದ ಒಕ್ಕೂಟದ ಮೊದಲ ದೇಶ ಅದೇ.

ಶಾಲ್ಮಲೆ
ತುಂಗಾತೀರ ಅವರ ಮೊದಲ ಲೆಕ್ಕಕ್ಕೂ ಒಂದು ತಿದ್ದುಪಡಿ ರೀ. 1870 ಕೋಟಿ ಅನ್ನುವುದು ಬರೀ ಹಣಕಾಸು ನೆರವು. ಶಸ್ತ್ರಾಸ್ತ್ರ ಅದರಲ್ಲಿ ಸೇರಿಲ್ಲ. ಅದನ್ನೂ ಸೇರಿಸಿದರೆ ಚಿತ್ರ ಬೇರೆ.

ತುಂಗಾತೀರ
ಸರಿ, ತಿದ್ದಿಕೊಂಡೆ. ಆದರೂ 2190 ಕೋಟಿ 2190 ಕೋಟಿಯೇ ಅಲ್ವಾ. ಈಗಲೂ ಯಾರು ಕೊಳ್ಳುತ್ತಿದ್ದಾರೆ?

ಡೆಲ್ಫ್ಟ್ ದೀಪು
ಹಂಗೇರಿ, ಸ್ಲೊವಾಕಿಯಾದ ಹೆಸರು ಎಲ್ಲರ ಬಾಯಲ್ಲೂ ಇದೆ. ರಷ್ಯಾದಿಂದ ಬರುವ ದ್ರುಜ್ಬಾ ಪೈಪ್‌ಲೈನಿನ ತೈಲಕ್ಕೆ ವಿನಾಯಿತಿ ಕೊಟ್ಟಿದ್ದರು, ದ್ರುಜ್ಬಾ ಅಂದರೆ ಗೆಳೆತನ! ನಮಗೆ ಸಮುದ್ರ ಇಲ್ಲ ಅನ್ನುವುದು ಅವರ ವಾದ. ಚೆಕ್ ದೇಶಕ್ಕೂ ಸಮುದ್ರ ಇಲ್ಲ. ಅವರು ಇಟಲಿಯ ಟ್ರಿಯೆಸ್ಟೆ ಕಡೆಯಿಂದ ಬರುವ ಪೈಪ್‌ಲೈನಿನ ಸಾಮರ್ಥ್ಯ ಹೆಚ್ಚಿಸಿಕೊಂಡು 2025ರಲ್ಲಿ ರಷ್ಯಾ ತೈಲದಿಂದ ಹೊರಬಂದರು. ಆದರೆ ಹೆಸರು ಬರದ ಇನ್ನೊಂದು ಗುಂಪಿದೆ. ರಷ್ಯಾದ ಯಮಾಲ್‌ನಿಂದ ಹಡಗಿನಲ್ಲಿ ಬರುವ ಎಲ್‌ಎನ್‌ಜಿ ಇಳಿಯುವುದು ಫ್ರಾನ್ಸ್, ಬೆಲ್ಜಿಯಂ, ಸ್ಪೇನಿನ ಬಂದರುಗಳಲ್ಲಿ. ಭಾಷಣದಲ್ಲಿ ಮುಂದಿನ ಸಾಲು, ಬಂದರಿನಲ್ಲೂ ಮುಂದಿನ ಸಾಲು.

ಮಂಡ್ಯದ ಹೈದ
ಉಕ್ರೇನ್ ತನ್ನ ನೆಲದ ಮೂಲಕ ರಷ್ಯಾ ಗ್ಯಾಸ್ ಬಿಟ್ಟುಕೊಂಡೇ ಇತ್ತಂತೆ, ಯುದ್ಧ ನಡೆಯುವಾಗಲೂ? ಇದು ನಿಜವಾ? ಬಾಂಬ್ ಹಾಕುವವನ ಪೈಪು ಕಾಯುವುದಾ?

ಹಳೇ ಎಂಜಿನಿಯರ್
ನಿಜ. 2019ರ ಕೊನೆಯಲ್ಲಿ ಐದು ವರ್ಷದ ಒಪ್ಪಂದ ಆಗಿತ್ತು, ಅದು ಮುಗಿಯುವವರೆಗೆ ಹರಿಯಿತು. ಬಾಡಿಗೆಯೂ ಸಿಗುತ್ತಿತ್ತು, ಯುರೋಪಿನವರಿಗೂ ಬೇಕಿತ್ತು. 2025ರ ಜನವರಿ 1ಕ್ಕೆ ನಿಂತಿತು. ಅವತ್ತು ಮೊದಲು ಚಳಿಗೆ ಸಿಕ್ಕಿದ್ದು ರಷ್ಯಾವನ್ನೇ ನೆಚ್ಚಿಕೊಂಡಿದ್ದ ಮಾಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾ. ರಷ್ಯಾದ ಸೈನಿಕರೇ ಇರುವ ಜಾಗ, ಅಲ್ಲಿನ ಮನೆಗಳಿಗೇ ಬಿಸಿನೀರು ಇಲ್ಲ. ಈಗ ರಷ್ಯಾದ ಪೈಪಿನ ಗ್ಯಾಸ್ ಒಕ್ಕೂಟಕ್ಕೆ ಬರುವುದು ಟರ್ಕಿ ಮೂಲಕದ ಟರ್ಕ್‌ಸ್ಟ್ರೀಮ್ ಒಂದರಲ್ಲೇ. 45% ಇದ್ದದ್ದು 2024ಕ್ಕೆ 19 ಪರ್ಸೆಂಟಿಗೆ ಬಂತು. 2025ರ ಡಿಸೆಂಬರ್‌ನಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದಾರೆ, 2027ರ ಕೊನೆಯೊಳಗೆ ಎಲ್‌ಎನ್‌ಜಿ, ಪೈಪು ಎರಡೂ ಪೂರ್ತಿ ಬಂದ್ ಎಂದು.

ಗಾಳಿಪಟ
ಅಷ್ಟರಲ್ಲಿ ಅಮೆರಿಕದ ಕೈಗೆ ಜುಟ್ಟು ಕೊಟ್ಟಾಗಿದೆ. 2025ರಲ್ಲಿ ಯುರೋಪ್ ತರಿಸಿದ ಎಲ್‌ಎನ್‌ಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದ್ದು. ಇದನ್ನು ಹೇಳಿದರೂ ಡಿಲೀಟ್ ಮಾಡುತ್ತೀರಾ?

ಬೆಣ್ಣೆದೋಸೆ
ಗಾಳಿಪಟದವರು ಮೊದಲ ಸಲ ಸರಿಯಾಗಿ ಹೇಳಿದ್ದಾರೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಅನಿಲವಾಹಿನಿ
ಮಾತು ಹೌದು, ಆದರೆ ಎಂಜಿನಿಯರ್ ಸಾಹೇಬರ ಲೆಕ್ಕದಲ್ಲಿ ಇದು ಸಂತೆ, ಮದುವೆ ಅಲ್ಲ. ನಾಳೆ ಕತಾರ್ ಕಡೆ ತಿರುಗಬಹುದು. ಪೈಪಿನ ಲೆಕ್ಕದಲ್ಲಿ ಅವರಿಗೆ ಈಗ ದೊಡ್ಡ ಆಸರೆ ನಾರ್ವೆ, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಅಗ್ಗ ಮಾತ್ರ ಮುಗಿಯಿತು. ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನವರು ಅಲ್ಲಿನ ಒಂದು ಅಮೋನಿಯಾ ಘಟಕವನ್ನೇ ಮುಚ್ಚಿ, ಚೀನಾದಲ್ಲಿ ಹೊಸ ಕಾರ್ಖಾನೆ ಕಟ್ಟಿದರು. ಸಂತೆಯಲ್ಲಿ ಕೊಂಡ ಗ್ಯಾಸ್ ಪೈಪಿನ ಗ್ಯಾಸಿನಷ್ಟು ಅಗ್ಗ ಆಗುವುದಿಲ್ಲ, ತಣ್ಣಗೆ ಮಾಡಬೇಕು, ಸಾಗಿಸಬೇಕು, ಮತ್ತೆ ಕಾಯಿಸಬೇಕು.

ಶಾಲ್ಮಲೆ
ಲಕ್ಷ್ಮಿಯವರೇ, ಈಗ ನಿಮ್ಮ ಮುಂಗಡ ಎಷ್ಟಿದೆ? ಅದೊಂದು ಕೇಳಬೇಕು ಅಂತ ಆಗಿಂದ ಅನಿಸುತ್ತಿತ್ತು.

ಲೈಪ್‌ಜಿಗ್ ಲಕ್ಷ್ಮಿ
134. ಇಳಿದಿದೆ, ಆದರೆ 88ಕ್ಕೆ ವಾಪಸ್ ಹೋಗುವುದಿಲ್ಲ ಅಂತ ಎಲ್ಲರೂ ಒಪ್ಪಿಕೊಂಡ ಹಾಗಿದೆ. ಮನೆ ಮಾಲೀಕರು ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸುತ್ತೇನೆ ಅಂತ ಎರಡು ವರ್ಷದಿಂದ ಹೇಳುತ್ತಿದ್ದಾರೆ. ಮೊನ್ನೆ ಒಬ್ಬರು ಬಂದು ಗೋಡೆ ತಟ್ಟಿ ನೋಡಿ ಹೋದರು.

ಕಡಲತಡಿ
ನಿಮ್ಮ ಅಮ್ಮನಿಗೆ ಹೇಳಿ, ಸೌದೆ ಒಲೆಯ ಹಂಡೆ ಒಂದನ್ನು ಇಲ್ಲಿಂದಲೇ ಕಳಿಸುತ್ತೇವೆ ಅಂತ.

ಲೈಪ್‌ಜಿಗ್ ಲಕ್ಷ್ಮಿ
ಹೇಳಿದೆ. "ತಾಮ್ರದ್ದಾ, ಅಲ್ಯೂಮಿನಿಯಂದಾ?" ಅಂತ ಕೇಳುತ್ತಿದ್ದಾರೆ.